ಜಾಲಿಯ ಗಿಡದ ಕೆಳಗೆ ಮೊದಲು ರೊಟ್ಟಿ, ಆಮೇಲೆ ಪ್ರಶ್ನೆ

ಸತ್ಯವೇದ ತೆಗೆದುಕೊಳ್ಳಿ, 1 ಅರಸುಗಳು 19ನೇ ಅಧ್ಯಾಯ. 1ರಿಂದ 18ರವರೆಗಿನ ವಚನಗಳನ್ನು ಮನೆಗೆ ಹೋಗಿ ಇನ್ನೊಂದು ಸಲ ನಿಧಾನವಾಗಿ ಓದಿ.

ಯೌವನಸ್ಥರು ಪ್ರಾರ್ಥನೆಗೆ ಬಂದಾಗ ಹೆಚ್ಚಾಗಿ ಕೇಳೋ ಮಾತು ಇದು: "ಪಾಸ್ಟರ್, ಪ್ರಾರ್ಥನೆಗೆ ಕೂರೋಕೆ ಮನಸ್ಸೇ ಬರ್ತಿಲ್ಲ. ಆಫೀಸಿನಲ್ಲೂ ಮೋಟಿವೇಶನ್ ಇಲ್ಲ. ಮನೆಯವರ ಮೇಲೆ ಸುಮ್ಮಸುಮ್ಮನೆ ರೇಗ್ತೀನಿ. ದೇವರು ನನ್ನ ಕೈಬಿಟ್ಟರಾ?" ಇದಕ್ಕೆ ನಮ್ಮಲ್ಲಿ ಒಂದು ರೆಡಿ ಉತ್ತರ ಇದೆ. ವಿಶ್ವಾಸ ಕಡಿಮೆಯಾಗಿದೆ, ಇನ್ನೂ ಮೂರು ದಿನ ಉಪವಾಸ ಮಾಡು ಅಂತೀವಿ. ಕೆಲವು ಸಲ ಆ ಮಾತು ಸರಿ ಇರಬಹುದು. ಆದರೆ ಎಲೀಯನಿಗೆ ದೇವರು ಹಾಗೆ ಹೇಳಲಿಲ್ಲ. ಇವತ್ತು ನಾವು ನೋಡೋದು ಅದನ್ನೇ.

ಎಲೀಯನ ಸ್ಥಿತಿ ನೋಡಿ. ಕರ್ಮೆಲ್ ಬೆಟ್ಟದಲ್ಲಿ ಬೆಂಕಿ ಇಳಿಯಿತು, ದೊಡ್ಡ ಜಯ ಸಿಕ್ಕಿತು. ಆಮೇಲೆ ಅಹಾಬನ ರಥದ ಮುಂದೆ ಇಜ್ರೇಲಿನವರೆಗೆ 20 ಕಿಲೋಮೀಟರಿಗೂ ಹೆಚ್ಚು ದೂರ ಓಡಿದ. ಅಷ್ಟರಲ್ಲಿ ಈಜೆಬೆಲಳಿಂದ ಕೊಲೆಬೆದರಿಕೆ ಬಂತು. ಅಲ್ಲಿಂದ ಬೇರ್ಷೆಬಕ್ಕೆ ಸುಮಾರು 150 ಕಿಲೋಮೀಟರ್. ಅಲ್ಲಿ ತನ್ನ ಸೇವಕನನ್ನು ಬಿಟ್ಟು, ಒಬ್ಬನೇ ಒಂದು ದಿನದ ದಾರಿ ಅಡವಿಗೆ ನಡೆದ. ಜಾಲಿಯ ಗಿಡದ ಕೆಳಗೆ ಕೂತು ಸಾವು ಬೇಕು ಎಂದು ಬೇಡಿಕೊಂಡ. ದೊಡ್ಡ ಪ್ರವಾದಿ, ಆದರೂ ಬದುಕೋ ಆಸೆಯೇ ಹೋಗಿದೆ.

1. ದೇಹಕ್ಕೂ ಮನಸ್ಸಿಗೂ ಗೋಡೆ ಇಲ್ಲ

ಹಸಿವು ಮನಸ್ಸಿಗೆ ಏನು ಮಾಡುತ್ತೆ ಅನ್ನೋದಕ್ಕೆ ಚರಿತ್ರೆಯಲ್ಲಿ ಒಂದು ದೊಡ್ಡ ಸಾಕ್ಷಿ ಇದೆ. ಎರಡನೇ ಮಹಾಯುದ್ಧದ ಕೊನೆಯ ಹೊತ್ತು. ಯುರೋಪಿನಲ್ಲಿ ಲಕ್ಷಾಂತರ ಜನ ಹಸಿವಿನಲ್ಲಿದ್ದರು. ಅವರಿಗೆ ಹೇಗೆ ಊಟ ಕೊಟ್ಟು ಚೇತರಿಸಿಕೊಳ್ಳುವಂತೆ ಮಾಡಬೇಕು ಅಂತ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಅದನ್ನು ತಿಳಿಯಲು 1944ರ ನವೆಂಬರಿನಲ್ಲಿ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ ಒಂದು ಪ್ರಯೋಗ ಶುರುಮಾಡಿದರು. ಹಸಿದಿರಲು ಮುಂದೆ ಬಂದವರು 36 ಯುವಕರು. ಯಾರು ಗೊತ್ತಾ? ಮನಸ್ಸಾಕ್ಷಿಯ ಕಾರಣಕ್ಕೆ ಬಂದೂಕು ಹಿಡಿಯಲು ಒಪ್ಪದವರು. ಬ್ರೆದರನ್, ಕ್ವೇಕರ್, ಮೆನೊನೈಟ್ ಸಭೆಗಳ ಹುಡುಗರು ಅವರಲ್ಲಿದ್ದರು. ಯುದ್ಧ ಮಾಡಲ್ಲ, ಆದರೆ ಹಸಿದವರಿಗಾಗಿ ನಾವು ಹಸಿದಿರ್ತೀವಿ ಅನ್ನೋ ಮನಸ್ಸು ಅವರದು.

ಮೊದಲ 12 ವಾರ ಸಾಮಾನ್ಯ ಊಟ. ಮುಂದಿನ 24 ವಾರ ದಿನಕ್ಕೆ ಎರಡೇ ಊಟ, ಸುಮಾರು 1,570 ಕ್ಯಾಲೊರಿ, ಅಂದರೆ ಮೊದಲಿನ ಅರ್ಧದಷ್ಟು. ಹೆಚ್ಚಾಗಿ ಆಲೂಗಡ್ಡೆ, ಬ್ರೆಡ್, ಕೋಸು, ಮ್ಯಾಕರೋನಿ. ಜೊತೆಗೆ ವಾರಕ್ಕೆ 35 ಕಿಲೋಮೀಟರ್ ನಡಿಗೆ. ತೂಕ ಸುಮಾರು ಕಾಲುಭಾಗ ಇಳಿಯಿತು.

ತೂಕಕ್ಕಿಂತ ಆಶ್ಚರ್ಯ ತಂದದ್ದು ಅವರ ಮನಸ್ಸು. ಆರೋಗ್ಯವಂತರು, ಒಳ್ಳೆ ಸ್ವಭಾವದವರು ಅಂತ ಪರೀಕ್ಷಿಸಿ ಆರಿಸಿದ್ದ ಹುಡುಗರು ಸಣ್ಣ ವಿಷಯಕ್ಕೆ ಸಿಡುಕತೊಡಗಿದರು. ನಗು ನಿಂತಿತು, ಸ್ನೇಹಿತರ ಜೊತೆ ಕೂರೋದು ಬೇಡವಾಯಿತು. ಖಿನ್ನತೆ ಬಂತು. ಕನಸಿನಲ್ಲೂ ಮಾತಿನಲ್ಲೂ ಊಟವೇ. ಕೆಲವರು ಅಡುಗೆ ಪುಸ್ತಕಗಳನ್ನು ಕೂಡಿಸಿಟ್ಟು ಓದುತ್ತಿದ್ದರು.

ಪ್ರಿಯರೇ, ಅವರ ಉದ್ದೇಶ ಕೆಟ್ಟಿತ್ತಾ? ಇಲ್ಲ, ಅದಕ್ಕಿಂತ ಒಳ್ಳೆಯ ಮೋಟಿವೇಶನ್ ಹುಡುಕೋದು ಕಷ್ಟ. ಆದರೂ ದೇಹ ಬರಿದಾದಾಗ ಮನಸ್ಸು ಬಗ್ಗಿತು. ದೇವರು ನಮ್ಮನ್ನು ಮಣ್ಣಿನಿಂದ ಮಾಡಿದ್ದಾರೆ, ಅದನ್ನು ಮರೆತಿರೋದು ನಾವು.

ಇದು ನಡೆಯೋದು ಹೀಗೆ: ತುಂಬಾ ಹೊತ್ತು ತಿನ್ನದೆ ರಕ್ತದ ಸಕ್ಕರೆ ಇಳಿದಾಗ ದೇಹ ಅಡ್ರಿನಲಿನ್, ಕಾರ್ಟಿಸಾಲ್ ಎಂಬ ಹಾರ್ಮೋನುಗಳನ್ನು ಬಿಡುತ್ತದೆ. ಭಯ ಬಂದಾಗ ಬಿಡೋದೂ ಇವನ್ನೇ. ಹಾಗಾಗಿ ಕೈ ನಡುಗುತ್ತೆ, ಎದೆ ಹೊಡ್ಕೊಳ್ಳುತ್ತೆ, ಕಾರಣ ಇಲ್ಲದೆ ಆತಂಕ ಅನ್ಸುತ್ತೆ. ಒತ್ತಡ ಬಂದ ಹೊಸದರಲ್ಲಿ ಹಸಿವು ಸತ್ತುಹೋಗುತ್ತೆ. ಒತ್ತಡ ವಾರಗಟ್ಟಲೆ ನಿಂತರೆ ಅನೇಕರಲ್ಲಿ ಉಲ್ಟಾ ಆಗುತ್ತೆ. ಸಿಹಿ, ಎಣ್ಣೆ ಪದಾರ್ಥಕ್ಕೆ ಮನಸ್ಸು ಎಳೆಯುತ್ತೆ. ಬೆಳಿಗ್ಗೆ ಬರೀ ಕಾಫಿ, ಮಧ್ಯಾಹ್ನ ಮೀಟಿಂಗ್, ರಾತ್ರಿ 11ಕ್ಕೆ ಆ್ಯಪ್‌ನಲ್ಲಿ ಬಿರಿಯಾನಿ. ಆಮೇಲೆ "ನನಗೆ ಆತ್ಮಸಂಯಮವೇ ಇಲ್ಲ" ಅಂತ ಅಳು. ಮೊದಲು ಬೆಳಿಗ್ಗೆ ತಿಂಡಿ ತಿನ್ನು, ತಮ್ಮಾ. ತಿನ್ನಮ್ಮಾ.

2. ಅನಿಸಿಕೆ ಬೇರೆ, ಸತ್ಯ ಬೇರೆ

ಆ ಯುವಕರು "ನಮ್ಮ ಬುದ್ಧಿ ಮಂಕಾಗಿದೆ, ಗಮನ ನಿಲ್ಲುತ್ತಿಲ್ಲ" ಅಂತ ಹೇಳುತ್ತಿದ್ದರು. ಆದರೆ ಬುದ್ಧಿಶಕ್ತಿ ಪರೀಕ್ಷೆಗಳಲ್ಲಿ ಅಂಥ ಇಳಿಕೆ ಕಾಣಲಿಲ್ಲ. ಅನಿಸಿಕೆ ಒಂದು ಹೇಳುತ್ತಿತ್ತು, ಪರೀಕ್ಷೆ ಇನ್ನೊಂದು ಹೇಳುತ್ತಿತ್ತು.

ಎಲೀಯನೂ ತಾನೊಬ್ಬನೇ ಉಳಿದಿದ್ದೇನೆ ಅಂದುಕೊಂಡಿದ್ದ. ದೇವರ ಲೆಕ್ಕದಲ್ಲಿ 7,000 ಜನ ಇದ್ದರು! ದಣಿದ ಮನಸ್ಸು ತಪ್ಪು ಲೆಕ್ಕ ಮಾಡುತ್ತದೆ. ಅದಕ್ಕೇ ಹಸಿದಾಗ, ನಿದ್ದೆಗೆಟ್ಟಾಗ ದೊಡ್ಡ ತೀರ್ಮಾನ ಮಾಡಬೇಡಿ. ರಾತ್ರಿ 2 ಗಂಟೆಗೆ ರಾಜೀನಾಮೆ ಮೇಲ್ ಬರೆಯಬೇಡಿ. "ದೇವರು ನನ್ನ ಬಿಟ್ಟರು" ಅನ್ನೋ ತೀರ್ಪನ್ನಂತೂ ಆ ಹೊತ್ತಲ್ಲಿ ಕೊಡಲೇಬೇಡಿ.

3. ಒಂದು ರೊಟ್ಟಿ ಸಾಲದು

ದೇವದೂತ ಎಲೀಯನನ್ನು ಮುಟ್ಟಿ ಎಬ್ಬಿಸಿದ. ಕೆಂಡದ ಮೇಲೆ ಸುಟ್ಟ ರೊಟ್ಟಿ, ಪಕ್ಕದಲ್ಲಿ ನೀರು. ಗದರಿಕೆ ಇಲ್ಲ, ಉಪದೇಶವೂ ಇಲ್ಲ. ತಿಂದ, ಮತ್ತೆ ಮಲಗಿದ. ದೂತ ಎರಡನೇ ಸಲ ಬಂದು ಮತ್ತೆ ತಿನ್ನಿಸಿದ, ಮುಂದಿರೋ ದಾರಿ ಅವನ ಶಕ್ತಿಗೆ ಮೀರಿದ್ದು ಎಂದು. ಇಲ್ಲೇನು ಮಾಡುತ್ತಿದ್ದೀ ಎಂದು ದೇವರು ಕೇಳಿದ್ದು ಅದಾದ ಮೇಲೆ, ಹೋರೇಬಿನಲ್ಲಿ.

ಮಿನೆಸೋಟದಲ್ಲೂ ಇದೇ ಕಂಡಿತು. ಊಟ ಸ್ವಲ್ಪ ಹೆಚ್ಚಿಸಿದ ಕೂಡಲೇ ಯಾರೂ ಸರಿಹೋಗಲಿಲ್ಲ. ಚೇತರಿಕೆಗೆ ದಿನಕ್ಕೆ ಸುಮಾರು 4,000 ಕ್ಯಾಲೊರಿ ಬೇಕು ಎಂಬ ತೀರ್ಮಾನಕ್ಕೆ ಕೀಸ್ ಬಂದರು. ಕೆಲವರಿಗೆ ತಿಂಗಳುಗಳೇ ಬೇಕಾದವು. ಒಂದು ಭಾನುವಾರ ಚೆನ್ನಾಗಿ ನಿದ್ದೆ ಮಾಡಿ, ಸೋಮವಾರ ಉತ್ಸಾಹ ಬರಲಿಲ್ಲ ಅಂತ ಬೇಜಾರಾಗಬೇಡಿ. ವರ್ಷಗಟ್ಟಲೆ ಬರಿದಾದದ್ದು ಒಂದು ದಿನದಲ್ಲಿ ತುಂಬೋದಿಲ್ಲ.

4. ಜೊತೆಗಾರ ಬೇಕು

ಪ್ರಯೋಗದ ಮಧ್ಯೆ ಕೆಲವರು ಹಸಿವು ತಾಳಲಾರದೆ ಹೊರಗೆ ಕದ್ದು ತಿಂದರು. ಆಮೇಲೆ ಒಂದು ನಿಯಮ ಬಂತು: ಜೊತೆಗಾರನಿಲ್ಲದೆ ಯಾರೂ ಹೊರಗೆ ಹೋಗುವಂತಿಲ್ಲ. ಎಲೀಯ ತನ್ನ ಸೇವಕನನ್ನು ಬೇರ್ಷೆಬದಲ್ಲಿ ಬಿಟ್ಟು ಹೋಗಿದ್ದ, ನೆನಪಿದೆಯಾ? ದೇವರು ಅವನಿಗೆ ಹೊಸ ಕೆಲಸ ಕೊಟ್ಟರು, ಜೊತೆಗೆ ಎಲೀಷನನ್ನೂ ಕೊಟ್ಟರು. ಪಿಜಿ ರೂಮಿನಲ್ಲಿ ಬಾಗಿಲು ಹಾಕಿಕೊಂಡು ಒಬ್ಬರೇ ಹೋರಾಡಬೇಡಿ.

ಹಾಗಾದರೆ ಉಪವಾಸ ಬೇಡವಾ?

ಬೇಕು. ಒಂದು ದಿನದ ಉಪವಾಸವೂ 24 ವಾರದ ಅರೆಹೊಟ್ಟೆಯೂ ಒಂದೇ ಅಲ್ಲ. ಯೇಸು 40 ದಿನ ಉಪವಾಸವಿದ್ದು ಹಸಿದಾಗ ಸೈತಾನ ಮೊದಲು ತಂದ ಶೋಧನೆಯೇ ರೊಟ್ಟಿಯದು. ಅದೇ ಯೇಸು ಮಾರ್ಕ 8ರಲ್ಲಿ ಜನರನ್ನು ಹಸಿದ ಹೊಟ್ಟೆಯಲ್ಲಿ ಕಳುಹಿಸಿದರೆ ದಾರಿಯಲ್ಲಿ ಬಳಲಿ ಬಿದ್ದಾರು ಎಂದು ಮರುಗಿದರು. ಉಪವಾಸ ಮಾಡುತ್ತಾ ಜಗಳಕ್ಕೆ ಇಳಿಯುವವರನ್ನು ಯೆಶಾಯ 58 ಎಚ್ಚರಿಸುತ್ತದೆ. ಹಸಿದವನಿಗೆ ಅನ್ನ ಹಂಚುವುದೇ ದೇವರು ಮೆಚ್ಚುವ ಉಪವಾಸ ಎಂದು ಕಲಿಸುತ್ತದೆ. ಈಗಾಗಲೇ ಬಳಲಿ ಬಿದ್ದಿರುವವರಿಗೆ ಉಪವಾಸದ ಹೊರೆ ಹೊರಿಸಬೇಡಿ. ಸಕ್ಕರೆ ಕಾಯಿಲೆ ಇರುವವರು, ಗರ್ಭಿಣಿಯರು, ಊಟದ ವಿಷಯದಲ್ಲಿ ಮಾನಸಿಕ ತೊಂದರೆ ಅನುಭವಿಸಿದವರು ಡಾಕ್ಟರನ್ನು ಕೇಳದೆ ಉಪವಾಸ ಮಾಡಬೇಡಿ. ಕೇಳೋದು ಅವಿಶ್ವಾಸ ಅಲ್ಲ.

ಈ ವಾರದ ಅಭ್ಯಾಸ

ಮನಸ್ಸು ಕುಗ್ಗಿದಾಗ ನಿಮ್ಮನ್ನು ನೀವೇ ಕೇಳಿಕೊಳ್ಳಿ: ಕೊನೆಯದಾಗಿ ಸರಿಯಾಗಿ ಊಟ ಮಾಡಿದ್ದು ಯಾವಾಗ? ನಿದ್ದೆ ಎಷ್ಟು? ಯಾರ ಹತ್ತಿರ ಮಾತಾಡಿದೆ? ಇವುಗಳಾದ ಮೇಲೆ ನಾಲ್ಕನೆಯದು: ಕರ್ತನೇ, ನನಗೆ ಏನು ಹೇಳುತ್ತೀ?

ಸಾಯಬೇಕು ಅನ್ನೋ ಯೋಚನೆ ಬರುತ್ತಿದ್ದರೆ ಇವತ್ತೇ ಒಬ್ಬರಿಗೆ ಹೇಳಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲೂ ಮಾತಾಡ್ತಾರೆ. ಪ್ರಾರ್ಥನೆಯೂ ಮಾಡೋಣ, ಚಿಕಿತ್ಸೆಯೂ ತೆಗೆದುಕೊಳ್ಳೋಣ. ಸಾವನ್ನು ಬೇಡಿದ ಎಲೀಯನ ಪ್ರಾರ್ಥನೆಗೆ ದೇವರು ಆಗಲಿ ಅನ್ನಲಿಲ್ಲ, ಬಿಸಿ ರೊಟ್ಟಿ ಕೊಟ್ಟರು. ಹಲ್ಲೆಲೂಯ!

ತಲೆಬಾಗಿಸಿ ಪ್ರಾರ್ಥಿಸೋಣ. ಕರ್ತನೇ, ನಾವು ಮಣ್ಣು ಎಂಬುದನ್ನು ನೀನು ಬಲ್ಲೆ. ದಣಿದವರನ್ನು ಮುಟ್ಟು, ತಿನ್ನಿಸು, ಮಲಗಿಸು, ಮತ್ತೆ ಎಬ್ಬಿಸು. ನಮ್ಮ ಪಕ್ಕದಲ್ಲಿ ಬಳಲಿರುವವರಿಗೆ ರೊಟ್ಟಿ ಒಯ್ಯುವ ಕೈಗಳಾಗಿ ನಮ್ಮನ್ನು ಮಾಡು. ಯೇಸುವಿನ ನಾಮದಲ್ಲಿ ಬೇಡುತ್ತೇವೆ. ಆಮೆನ್.