ಝಾನ್ ಮಾಬಿಯೋಂ (1632–1707): ದಾಖಲೆ ಪರಿಶೀಲನೆಗೆ ಶಾಸ್ತ್ರ ಕೊಟ್ಟ ಸನ್ಯಾಸಿ

ಫ್ರಾನ್ಸಿನ ಶಾಂಪೇನ್ ಪ್ರಾಂತ್ಯದ ಸೇಂಟ್ ಪಿಯರ್‌ಮಾಂಟ್ ಎಂಬ ಹಳ್ಳಿಯಲ್ಲಿ ಜನನ. ಬೆನೆಡಿಕ್ಟೈನ್ ಪಂಥದ ಸೇಂಟ್ ಮೋರ್ ಶಾಖೆಯ ಸನ್ಯಾಸಿ. 1664ರಿಂದ ಪ್ಯಾರಿಸ್ಸಿನ ಸೇಂಟ್ ಜರ್ಮೇನ್ ಮಠದಲ್ಲಿ ವಾಸ.

ಪರೀಕ್ಷೆಗೆ ಮುಖ್ಯವಾದದ್ದು 1681ರಲ್ಲಿ ಪ್ರಕಟವಾದ ಲ್ಯಾಟಿನ್ ಗ್ರಂಥ 'ದೇ ರೇ ಡಿಪ್ಲೊಮಾಟಿಕಾ'. ಇದರ ಹಿನ್ನೆಲೆ ತಿಳಿದರೆ ಇಸವಿ ತಾನಾಗಿ ನೆನಪಿನಲ್ಲಿ ಉಳಿಯುತ್ತದೆ. 1675ರಲ್ಲಿ ಜೆಸ್ಯೂಟ್ ವಿದ್ವಾಂಸ ಪಾಪೆಬ್ರೋಕ್, ಬೆನೆಡಿಕ್ಟೈನ್ ಮಠಗಳ ಹಳೆಯ ದಾನಪತ್ರಗಳ ಸಾಚಾತನವನ್ನೇ ಪ್ರಶ್ನಿಸಿದ. ಮಾಬಿಯೋಂ ಬೈಗುಳಕ್ಕೆ ಇಳಿಯಲಿಲ್ಲ. ಚರ್ಮಪತ್ರ, ಶಾಯಿ, ಅಕ್ಷರದ ಮಾಟ, ಮುದ್ರೆ, ಸಹಿ, ತೇದಿ ಹಾಕುವ ರೀತಿ ಎಲ್ಲವನ್ನೂ ಒಂದೊಂದಾಗಿ ನೋಡಿ ಅಸಲಿ ಯಾವುದು, ನಕಲಿ ಯಾವುದು ಎಂದು ತೀರ್ಮಾನಿಸುವ ಕ್ರಮವನ್ನೇ ರೂಪಿಸಿದರು. ಪಾಪೆಬ್ರೋಕ್ ಪತ್ರ ಬರೆದು ಸೋಲೊಪ್ಪಿಕೊಂಡ. ವಿದ್ವತ್ತಿನ ಇತಿಹಾಸದಲ್ಲಿ ಇಂಥ ದೊಡ್ಡತನ ಅಪರೂಪ.

ಈ ಗ್ರಂಥದಿಂದಲೇ ಅವರು ದಾಖಲೆಶಾಸ್ತ್ರದ ಪಿತಾಮಹ. ಲ್ಯಾಟಿನ್ ಲಿಪಿಶಾಸ್ತ್ರದ ಅಡಿಪಾಯವೂ ಇದೇ. ಸನ್ಯಾಸಿಗೆ ಓದು ಬೇಕೇ ಎಂಬ ವಾದದಲ್ಲಿ ಮಠಾಧಿಪತಿ ರಾನ್ಸೆಗೆ 1691ರಲ್ಲಿ ಉತ್ತರವಾಗಿ ಬರೆದ ಪುಸ್ತಕವೂ ಪ್ರಸಿದ್ಧ. 1701ರಲ್ಲಿ ರಾಜ 14ನೇ ಲೂಯಿ ಅವರನ್ನು ಶಾಸನ ಅಕಾಡೆಮಿಗೆ ನೇಮಿಸಿದ.

ನಿಧನ: 27 ಡಿಸೆಂಬರ್ 1707. ಪ್ಯಾರಿಸ್ ಮೆಟ್ರೋದ ಒಂದು ನಿಲ್ದಾಣಕ್ಕೆ ಇಂದಿಗೂ ಅವರದೇ ಹೆಸರು.