ಅಮ್ಮನ ದನಿಯೇ ಆದರೂ ಒಮ್ಮೆ ತಿರುಗಿ ಕರೆ ಮಾಡಿ

ಸಂಬಳ ಬಂದ ರಾತ್ರಿ ವಾಟ್ಸಾಪ್‌ಗೆ ಒಂದು ವಾಯ್ಸ್ ನೋಟ್ ಬರುತ್ತೆ ಅಂದುಕೊಳ್ಳಿ. ನಿಮ್ಮ ತಮ್ಮನ ದನಿ. "ಅಣ್ಣಾ, ಬೈಕ್ ಆಕ್ಸಿಡೆಂಟ್ ಆಗಿದೆ, ನನ್ನ ಫೋನ್ ಒಡೆದಿದೆ, ಈ ನಂಬರಿಗೆ ಬೇಗ ಐವತ್ತು ಸಾವಿರ ಹಾಕು." ಅದೇ ಎಳೆದು ಮಾತಾಡುವ ರೀತಿ. ಏನು ಮಾಡ್ತೀರಿ?

ಊರು ಬಿಟ್ಟು ದುಬೈ, ಶಾರ್ಜಾಕ್ಕೆ ಬಂದ ನಮಗೆ ಮನೆ ಅಂದರೆ ಫೋನಿನ ದನಿ, ಬೋಟಿಮ್‌ನಲ್ಲಿ ಕಾಣುವ ಮುಖ. ಇಷ್ಟು ವರ್ಷ ಅದೇ ಸಾಕ್ಷಿ. ಈಗ ಆ ಸಾಕ್ಷಿಯನ್ನೇ ಕಂಪ್ಯೂಟರ್ ತಯಾರಿಸುತ್ತದೆ. 2023ರ ಜನವರಿಯಲ್ಲಿ ಮೈಕ್ರೋಸಾಫ್ಟ್ ಸಂಶೋಧಕರು ತೋರಿಸಿದ ವ್ಯವಸ್ಥೆಗೆ ಒಬ್ಬರ ಇಂಗ್ಲಿಷ್ ಮಾತನ್ನು ಅವರದೇ ದನಿಯಲ್ಲಿ ಅನುಕರಿಸಲು 3 ಸೆಕೆಂಡಿನ ರೆಕಾರ್ಡಿಂಗ್ ಸಾಕಾಗಿತ್ತು. ನಿಮ್ಮ ತಮ್ಮನ ರೀಲ್ಸ್ ಅದಕ್ಕಿಂತ ಉದ್ದ ಇರುತ್ತೆ.

ಓದಿದವರು ಮೋಸ ಹೋಗಲ್ಲ ಅನ್ನಬೇಡಿ. ನಾನು ಅಕೌಂಟ್ಸ್ ಕೆಲಸದವನು, ಹಾಗಾಗಿ ಈ ಪ್ರಕರಣ ನನಗೆ ಹೆಚ್ಚು ತಾಗಿತು. 2024ರಲ್ಲಿ ಹೊರಬಂದದ್ದು, ಹಾಂಗ್‌ಕಾಂಗ್‌ನದು. ಅರಪ್ ಎಂಬ ಬ್ರಿಟಿಷ್ ಎಂಜಿನಿಯರಿಂಗ್ ಕಂಪನಿಯ ಹಣಕಾಸು ನೌಕರರೊಬ್ಬರಿಗೆ, ಗುಟ್ಟಾಗಿ ಹಣ ಕಳಿಸಬೇಕೆಂದು ಮೇಲಧಿಕಾರಿಯ ಹೆಸರಿನಲ್ಲಿ ಸಂದೇಶ ಬಂತು. ಅವರಿಗೆ ಅನುಮಾನ ಬಂದಿತ್ತು. ಆದರೆ ವಿಡಿಯೋ ಕಾಲ್‌ಗೆ ಸೇರಿದಾಗ ಗುರುತಿನ ಮುಖಗಳೇ ಕಂಡವು, ಅನುಮಾನ ಕರಗಿತು. 15 ಸಲ, ಒಟ್ಟು ಸುಮಾರು 20 ಕೋಟಿ ಹಾಂಗ್‌ಕಾಂಗ್ ಡಾಲರ್ ಕಳಿಸಿಬಿಟ್ಟರು. ಆ ಕಾಲ್‌ನಲ್ಲಿ ಅವರೊಬ್ಬರನ್ನು ಬಿಟ್ಟು ಎಲ್ಲರೂ ನಕಲಿ.

ಕಣ್ಣು ಮಿಟುಕಿಸುತ್ತಾರಾ, ಬೆರಳು ಸರಿ ಇದೆಯಾ ಅಂತ ನೋಡುವ ಉಪಾಯಗಳನ್ನು ನಂಬಿ ಕೂರಬೇಡಿ. ತಂತ್ರಜ್ಞಾನ ಸುಧಾರಿಸಿದ ಹಾಗೆ ಅವು ಹಳತಾಗುತ್ತವೆ. ನಮ್ಮ ಕೆಲಸದಲ್ಲಿ ಒಂದು ಹಳೇ ಪದ್ಧತಿ ಇದೆ: "ಬ್ಯಾಂಕ್ ಖಾತೆ ಬದಲಾಗಿದೆ" ಅಂತ ಸಪ್ಲೈಯರ್ ಹೆಸರಲ್ಲಿ ಇಮೇಲ್ ಬಂದರೆ, ಅದರಲ್ಲಿರುವ ನಂಬರಿಗೆ ಫೋನ್ ಮಾಡುವುದಿಲ್ಲ, ನಮ್ಮ ಫೈಲಿನಲ್ಲಿ ಮೊದಲೇ ಇರುವ ನಂಬರಿಗೆ ಮಾಡುತ್ತೇವೆ. ಮನೆಗೂ ಅದನ್ನೇ ಮಾಡಿ. ಸಿಗದಿದ್ದರೆ ಪಕ್ಕದ ಮನೆಯವರಿಗೋ ಭಾವನಿಗೋ ಮಾಡಿ. "ಯಾರಿಗೂ ಹೇಳಬೇಡ, ಕಾಲ್ ಕಟ್ ಮಾಡಬೇಡ" ಅಂದರೆ ಮೊದಲು ಕಟ್ ಮಾಡಿ.

ಆದರೆ ಇದರ ಇನ್ನೊಂದು ಮುಖವನ್ನೂ ಹೇಳಬೇಕು. ಹೋದ ವರ್ಷ ಅಮ್ಮ ಬೇರೆ ಯಾರದೋ ನಂಬರಿನಿಂದ ಅಳುತ್ತಾ ಫೋನ್ ಮಾಡಿದರು, ಅಪ್ಪನನ್ನು ಆಸ್ಪತ್ರೆಗೆ ಸೇರಿಸಿದ್ದೇವೆ ಅಂತ. ನಾನು ನಂಬಲಿಲ್ಲ. "ನೀವು ಯಾರು?" ಅಂತ ಗದರಿ ಕಟ್ ಮಾಡಿದೆ. ಅದು ಅಮ್ಮನೇ ಆಗಿದ್ದರು. ಅಪ್ಪ ಹುಷಾರಾದರು, ಅಮ್ಮ ಆ ಮಾತನ್ನು ಈಗಲೂ ಎತ್ತುತ್ತಾರೆ.

ನಕಲಿಯನ್ನು ತಡೆಯುವುದರ ಜೊತೆಗೆ ಅಸಲಿಗೂ ಒಂದು ದಾರಿ ಬೇಕು. ಅದಕ್ಕೇ ಮನೆಯವರ ಜೊತೆ ಒಂದು ಗುಟ್ಟಿನ ಪ್ರಶ್ನೆ ಇಟ್ಟುಕೊಳ್ಳಿ. ಹುಟ್ಟಿದ ದಿನ, ಶಾಲೆ ಹೆಸರು ಬೇಡ, ಅವು ಫೇಸ್‌ಬುಕ್‌ನಲ್ಲೇ ಸಿಗುತ್ತವೆ. ಅಜ್ಜಿ ಸಾಕಿದ್ದ ಎಮ್ಮೆಯ ಹೆಸರು, ಅಂಥದ್ದು ಇರಲಿ. ರಜೆಗೆ ಹೋದಾಗ ಎದುರು ಕೂತು ಹೇಳಿಕೊಡಿ, ವಾಟ್ಸಾಪ್‌ನಲ್ಲಿ ಬರೆಯಬೇಡಿ. ಅಮ್ಮನಿಗೆ ಬೇಜಾರಾಗುತ್ತೆ ಅನ್ನುವ ಹೆದರಿಕೆ ಬೇಡ. ನನ್ನ ಅಮ್ಮನೇ ಈಗ ಮೊದಲು ಪ್ರಶ್ನೆ ಕೇಳುವುದು.

ಹಣ ಹೋಗಿಯೇಬಿಟ್ಟಿದ್ದರೆ ತಡ ಮಾಡದೆ ಎಕ್ಸ್‌ಚೇಂಜ್‌ಗೋ ಬ್ಯಾಂಕಿಗೋ ತಿಳಿಸಿ, ಆ ಕಡೆ ನಗದು ಪಡೆಯುವ ಮೊದಲೇ ತಡೆಯಲು ಸಾಧ್ಯವಾಗಬಹುದು. ಊರಿನ ಖಾತೆಯಿಂದ ಹೋಗಿದ್ದರೆ ಮನೆಯವರಿಂದ 1930ಕ್ಕೆ ಕರೆ ಮಾಡಿಸಿ. ದುಬೈನಲ್ಲಿದ್ದರೆ ಪೊಲೀಸರ ಇ-ಕ್ರೈಮ್ ವ್ಯವಸ್ಥೆಯಲ್ಲಿ ದೂರು ಕೊಡಿ. ನಾಚಿಕೆಯಿಂದ ಎಲ್ಲವನ್ನೂ ಅಳಿಸಿಬಿಡಬೇಡಿ. ಆ ವಾಯ್ಸ್ ನೋಟ್, ನಂಬರ್, ಹಣ ಕಳಿಸಿದ ರಸೀದಿ, ಮೂರೂ ದೂರಿಗೆ ಬೇಕು.