ಮಹಜರಿಗೂ ಬಂತು ಮೊಬೈಲು

ಶಿಂಷಾ ದಡದ ವೈದ್ಯನಾಥಪುರದಲ್ಲಿ ರೈತರೊಬ್ಬರು ಬೆಳಗ್ಗೆ ಗದ್ದೆಗೆ ಹೋಗುತ್ತಾರೆ. ಮೋಟಾರ್ ಮನೆಯ ಬಾಗಿಲು ಮುರಿದಿದೆ, ಪಂಪ್‌ಸೆಟ್ಟಿನ ಕೇಬಲ್ ಕತ್ತರಿಸಿ ಹೋಗಿದೆ. ಒಳಗಿನ ತಾಮ್ರದ ಆಸೆಗೆ ನಡೆಯುವ ಇಂಥ ಕಳವು ಮಂಡ್ಯ ಸೀಮೆಯ ರೈತರಿಗೆ ಹೊಸದಲ್ಲ. ನೀರು ಹಾಯಿಸಬೇಕಾದ ದಿನ ಅವರು ಮದ್ದೂರಿಗೆ ಹೋಗಿ, ಠಾಣೆಯ ಬೆಂಚಿನ ಮೇಲೆ ಕೂತು, "ಸಾಹೇಬ್ರು ಬಂದೋಬಸ್ತಿಗೆ ಹೋಗವ್ರೆ, ನಾಳೆ ಬನ್ನಿ" ಅನ್ನಿಸಿಕೊಂಡು ವಾಪಸ್ ಬರುವುದು ವಾಡಿಕೆ. ಎರಡನೇ ಸಲ ಹೋಗುವವರು ಕಡಿಮೆ.

2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಇಲ್ಲಿ ಒಂದು ದಾರಿ ತೆರೆದಿದೆ. ಅದರ 173ನೇ ಕಲಮಿನ ಪ್ರಕಾರ ದೂರನ್ನು ಇಮೇಲ್‌ನಂಥ ವಿದ್ಯುನ್ಮಾನ ಮಾರ್ಗದಲ್ಲೂ ಠಾಣಾಧಿಕಾರಿಗೆ ಕಳುಹಿಸಬಹುದು. ಆದರೆ ಕಳುಹಿಸಿದ ಮೂರು ದಿನದೊಳಗೆ ದೂರುದಾರರು ಅದಕ್ಕೆ ಸಹಿ ಹಾಕಬೇಕು. ಈ ಮೂರು ದಿನದ ಮಾತು ಮರೆತರೆ ಕಳುಹಿಸಿದ್ದು ವ್ಯರ್ಥ. ಪರಿಚಯದ ಪೇದೆಯ ವಾಟ್ಸ್‌ಆ್ಯಪಿಗೆ ಹಾಕಿದ ಸಂದೇಶವನ್ನು ದೂರು ಎಂದು ನಂಬಿ ಕೂರಬೇಡಿ. ಠಾಣೆಯ ಅಧಿಕೃತ ವಿಳಾಸಕ್ಕೇ ಕಳುಹಿಸಿ, ಕಳುಹಿಸಿದ ದಿನ, ಹೊತ್ತು ಕಾಣುವಂತೆ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಘಟನೆ ನಡೆದ ಜಾಗ ನಮ್ಮ ಸರಹದ್ದಿಗೆ ಬರುವುದಿಲ್ಲ ಎಂದು ಯಾವ ಠಾಣೆಯೂ ತಿರುಗಿಸಿ ಕಳುಹಿಸುವಂತಿಲ್ಲ. ಅವರು ಜೀರೊ ಎಫ್‌ಐಆರ್ ಬರೆದುಕೊಂಡು ಸಂಬಂಧಪಟ್ಟ ಠಾಣೆಗೆ ವರ್ಗಾಯಿಸಬೇಕು. ಎಫ್‌ಐಆರ್ ಪ್ರತಿ ಉಚಿತ.

ದೂರಿನಲ್ಲಿ ಮಾಲಿನ ಬೆಲೆ ಬರೆಯುವುದು ಬಹಳ ಮುಖ್ಯ. ಹೊಸ ಭಾರತೀಯ ನ್ಯಾಯ ಸಂಹಿತೆಯಲ್ಲಿ, 5,000 ರೂಪಾಯಿಗಿಂತ ಕಡಿಮೆ ಬೆಲೆಯ ವಸ್ತುವಿನ ಸಾಮಾನ್ಯ ಕಳವು, ಅದೂ ಕಳ್ಳನ ಮೊದಲ ಅಪರಾಧವಾಗಿದ್ದರೆ, ಅಸಂಜ್ಞೇಯ, ಅಂದರೆ ನ್ಯಾಯಾಲಯದ ಆದೇಶವಿಲ್ಲದೆ ಪೊಲೀಸರು ತನಿಖೆ ಮಾಡಲಾಗದ ಅಪರಾಧ, ಎನಿಸಿಕೊಳ್ಳಬಹುದು. ಆಗ ಪೊಲೀಸರು ಎನ್‌ಸಿಆರ್ (ಅಸಂಜ್ಞೇಯ ಅಪರಾಧದ ವರದಿ) ಮಾಡಿ ಹಿಂಬರಹ ಕೊಟ್ಟು ನ್ಯಾಯಾಲಯದ ಕಡೆ ಕೈ ತೋರಿಸುತ್ತಾರೆ. ಆದ್ದರಿಂದ ಕೇಬಲ್ ಎಷ್ಟು ಮೀಟರ್, ಯಾವಾಗ ಕೊಂಡದ್ದು, ಎಷ್ಟು ಕೊಟ್ಟದ್ದು ಎಂದು ಬಿಲ್ಲಿನ ಸಮೇತ ಬರೆಯಿರಿ. ಬೆಲೆಯನ್ನು ಉಬ್ಬಿಸಲೂ ಬೇಡಿ, ಸಂಕೋಚದಿಂದ ಇಳಿಸಲೂ ಬೇಡಿ.

ಇನ್ನೊಂದು ವಿಷಯ ನನಗೆ ಬಹಳ ಬೇಸರ ತರಿಸುತ್ತದೆ. ಸಂತೆಯಲ್ಲಿ ಜೇಬಿನಿಂದ ಫೋನ್ ಎಗರಿಸಿದ್ದರೂ, "ಕಳೆದೋಯ್ತು ಅಂತ ಬರ್ಕೊಡಿ, ಬೇಗ ಆಯ್ತದೆ" ಅನ್ನುವ ಸಲಹೆ ಹಲವರಿಗೆ ಸಿಕ್ಕಿದೆ. ರಾಜ್ಯ ಪೊಲೀಸರ ಇ-ಲಾಸ್ಟ್ ಸೌಲಭ್ಯ ಒಳ್ಳೆಯದೇ. ಮಾರ್ಕ್ಸ್‌ಕಾರ್ಡ್, ಪರ್ಸು ನಿಜವಾಗಿ ಕಳೆದುಹೋದಾಗ ಠಾಣೆ ಅಲೆಯದೆ ಮೊಬೈಲಿನಲ್ಲೇ ವರದಿ ಪಡೆಯಬಹುದು. ಆದರೆ ಕಳವಾದದ್ದನ್ನು ಕಳೆದುಹೋದದ್ದು ಎಂದು ಬರೆದುಕೊಟ್ಟರೆ ಅಪರಾಧವೇ ನಡೆದಿಲ್ಲ ಎಂದು ನಾವೇ ಒಪ್ಪಿಕೊಂಡಂತೆ, ತನಿಖೆಯ ಮಾತೇ ಏಳುವುದಿಲ್ಲ. ಸಂಜ್ಞೇಯ ಅಪರಾಧದ ಮಾಹಿತಿ ಬಂದರೆ ಎಫ್‌ಐಆರ್ ಕಡ್ಡಾಯ ಎಂದು ಸುಪ್ರೀಂ ಕೋರ್ಟ್ ಲಲಿತಾ ಕುಮಾರಿ ಪ್ರಕರಣದಲ್ಲಿ 2013ರಲ್ಲೇ ಹೇಳಿದೆ. ಮೂರು ವರ್ಷದಿಂದ ಏಳು ವರ್ಷದೊಳಗಿನ ಶಿಕ್ಷೆಯ ಅಪರಾಧಗಳಲ್ಲಿ ಮಾತ್ರ, ಡಿವೈಎಸ್‌ಪಿ ಅನುಮತಿ ಪಡೆದು, 14 ದಿನದೊಳಗೆ ಮುಗಿಯುವ ಪ್ರಾಥಮಿಕ ವಿಚಾರಣೆಗೆ ಸುರಕ್ಷಾ ಸಂಹಿತೆ ಅವಕಾಶ ಕೊಟ್ಟಿದೆ. ಎಫ್‌ಐಆರ್ ಬರೆಯಲು ಒಪ್ಪದಿದ್ದರೆ ದೂರನ್ನು ಅಂಚೆಯಲ್ಲಿ ಮಂಡ್ಯದ ಎಸ್‌ಪಿಗೆ ಕಳುಹಿಸಿ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಹೋಗಬಹುದು.

ಕೇಬಲ್ ಹೋದ ಸುದ್ದಿ ಹರಡಿದ ಮೇಲೆ ಅನುಮಾನ ಮೊದಲು ಹೋಗುವುದು ಯಾರ ಮೇಲೆ? ಕಬ್ಬು ಕಡಿಯಲು ದೂರದಿಂದ ಬಂದು ಗುಡಿಸಲು ಹಾಕಿಕೊಂಡವರ ಮೇಲೆ. ಹಿಂದೆ ರಾತ್ರಿ ಗಸ್ತಿನ ಪೇದೆ ಗುಡಿಯ ಬಳಿಯೋ ಸೊಸೈಟಿ ಬಾಗಿಲಲ್ಲೋ ತೂಗುಹಾಕಿದ ಬೀಟ್ ಪುಸ್ತಕಕ್ಕೆ ಸಹಿ ಮಾಡಿ ಹೋಗುತ್ತಿದ್ದರು. ಈಗ ಹಲವು ಕಡೆ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡುವ ಇ-ಬೀಟ್ ಬಂದಿದೆ. ಪೇದೆ ಆ ಜಾಗಕ್ಕೆ ನಿಜವಾಗಿ ಬಂದಿದ್ದರೇ ಎಂಬುದಕ್ಕೆ ದಾಖಲೆ ಸಿಗುತ್ತದೆ, ಇದು ಊರಿಗೂ ಒಳ್ಳೆಯದು. ಅದೇ ಗಸ್ತಿನವರ ಕೈಯಲ್ಲಿ ಎಂ-ಸಿಸಿಟಿಎನ್‌ಎಸ್ ಎಂಬ ಆ್ಯಪ್ ಕೂಡ ಇರಬಹುದು. ಬೆರಳನ್ನು ಪುಟ್ಟ ಯಂತ್ರದ ಮೇಲೆ ಇಟ್ಟರೆ ಹಳೆಯ ಕೇಸುಗಳಲ್ಲಿ ಆ ಬೆರಳಚ್ಚು ಇದೆಯೇ ಎಂದು ನಿಂತ ನಿಲುವಿನಲ್ಲೇ ಗೊತ್ತಾಗುತ್ತದೆ. ಇದರಿಂದ ಹಳೆ ಆರೋಪಿಗಳು ಸಿಕ್ಕಿಬಿದ್ದದ್ದುಂಟು.

ಆದರೆ ಬಸ್ ತಪ್ಪಿ ರಾತ್ರಿ ನಡೆದು ಬರುತ್ತಿರುವ ಕೂಲಿಯವನ ಬೆರಳನ್ನು ಕಾನೂನು ಹೀಗೆ ಕೇಳುತ್ತದೆಯೇ? 2022ರ ಕ್ರಿಮಿನಲ್ ಪ್ರಕ್ರಿಯೆ (ಗುರುತಿಸುವಿಕೆ) ಕಾಯ್ದೆಯ 3ನೇ ಕಲಮು ಹೆಸರಿಸುವುದು ಶಿಕ್ಷೆಯಾದವರನ್ನು, ಸದ್ವರ್ತನೆ ಅಥವಾ ಶಾಂತಿಪಾಲನೆಗೆ ಭದ್ರತೆ ಕೊಡುವಂತೆ ಆದೇಶವಾದವರನ್ನು, ಬಂಧಿತರನ್ನು ಮತ್ತು ಮುನ್ನೆಚ್ಚರಿಕೆಯ ಬಂಧನದಲ್ಲಿರುವವರನ್ನು. ಬೇರೆಯವರದ್ದು ತನಿಖೆಗೆ ಬೇಕಾದರೆ ಮ್ಯಾಜಿಸ್ಟ್ರೇಟರ ಆದೇಶ ಪಡೆಯಬೇಕು. ಬರೀ ರಸ್ತೆಯಲ್ಲಿ ನಡೆಯುತ್ತಿರುವವನು ಆ ಪಟ್ಟಿಯಲ್ಲಿ ಇಲ್ಲ. ಜಗಳಕ್ಕೆ ನಿಲ್ಲಬೇಡಿ. ಹೆಸರು, ಊರು ಹೇಳಿ, "ಸರ್, ನನ್ನ ಮೇಲೆ ಕೇಸ್ ಇದೆಯಾ? ನನ್ನ ಅರೆಸ್ಟ್ ಮಾಡಿದ್ದೀರಾ?" ಎಂದು ಮರ್ಯಾದೆಯಿಂದ ಕೇಳಿ. ಕೂಲಿಯವರಿಗೆ ಈ ಎರಡು ಪ್ರಶ್ನೆ ಕೇಳುವ ಧೈರ್ಯ ಬರುವುದು ಊರಿನ ಒಬ್ಬರು ಪಕ್ಕದಲ್ಲಿ ನಿಂತಾಗ. ದಯವಿಟ್ಟು ಹೋಗಿ ನಿಲ್ಲಿ.

"ಫೋನ್ ಕೊಡು, ಗ್ಯಾಲರಿ ನೋಡ್ಬೇಕು" ಎಂಬುದಕ್ಕೂ ಮಿತಿ ಇದೆ. ವೀರೇಂದ್ರ ಖನ್ನಾ ಪ್ರಕರಣದಲ್ಲಿ ಕರ್ನಾಟಕ ಹೈಕೋರ್ಟ್ 2021ರ ಮಾರ್ಚ್‌ನಲ್ಲಿ, ಫೋನಿನೊಳಗಿನದನ್ನು ಶೋಧಿಸಲು ಸಾಮಾನ್ಯವಾಗಿ ನ್ಯಾಯಾಲಯದ ವಾರಂಟ್ ಬೇಕು, ತುರ್ತಿದ್ದರೆ ಕಾರಣವನ್ನು ಬರೆದಿಡಬೇಕು ಎಂದು ಹೇಳಿದೆ.

ಕೇಬಲ್ ಗುಜರಿ ಅಂಗಡಿಯೊಂದರಲ್ಲಿ ಸಿಕ್ಕಿತು ಎನ್ನೋಣ. ಪೊಲೀಸರು ಪಂಚರನ್ನು ಕರೆಸಿ ಮಹಜರು ಬರೆಯುತ್ತಾರೆ. ಖಾಲಿ ಹಾಳೆಗೆ ಪಂಚರ ಸಹಿ ಮೊದಲೇ ಪಡೆದು ಠಾಣೆಯಲ್ಲಿ ಕೂತು ಮಹಜರು ಬರೆದಿದ್ದಾರೆ ಎಂಬ ಆರೋಪ ನ್ಯಾಯಾಲಯಗಳಲ್ಲಿ ಎಷ್ಟೋ ಸಲ ಕೇಳಿಬಂದಿದೆ. ಸುರಕ್ಷಾ ಸಂಹಿತೆಯ 105ನೇ ಕಲಮು ಇದಕ್ಕೆ ಮದ್ದು. ಶೋಧ, ಜಪ್ತಿ, ಮಾಲಿನ ಪಟ್ಟಿ ಮಾಡುವುದು, ಅದಕ್ಕೆ ಸಾಕ್ಷಿಗಳು ಸಹಿ ಹಾಕುವುದು, ಇಷ್ಟೂ ಧ್ವನಿ ಸಮೇತ ವಿಡಿಯೊ ಆಗಬೇಕು, ಸಾಧ್ಯವಾದಷ್ಟು ಮೊಬೈಲಿನಲ್ಲೇ. ಆ ವಿಡಿಯೊವನ್ನು ತಡಮಾಡದೆ ಮ್ಯಾಜಿಸ್ಟ್ರೇಟರಿಗೆ ಕಳುಹಿಸಬೇಕು. ಪಂಚರಾಗಿ ಕರೆದರೆ ಸಹಿ ಹಾಕುವ ಮುನ್ನ "ವಿಡಿಯೊ ಆನ್ ಆಗಿದೆಯಾ ಸರ್?" ಎಂದು ಕೇಳಿ. ಆ ಪ್ರಶ್ನೆಯೂ ವಿಡಿಯೊದಲ್ಲಿ ದಾಖಲಾಗುತ್ತದೆ. ಪ್ರಾಮಾಣಿಕ ಪಿಎಸ್‌ಐಗೆ ಇದರಿಂದ ಲಾಭವೇ. ನಾಳೆ ಪಾಟೀಸವಾಲಿನಲ್ಲಿ ಅವರನ್ನು ಕಾಪಾಡುವುದು ಅದೇ ವಿಡಿಯೊ.

ಕೇಬಲ್ ಹೋದದ್ದನ್ನು ಮೊದಲು ಕಂಡದ್ದು ರೈತರ ತಾಯಿ ಎಂದಾದರೆ, ಹೇಳಿಕೆಗಾಗಿ ಅವರನ್ನು ಠಾಣೆಗೆ ಕರೆಸುವಂತಿಲ್ಲ. ಹೆಂಗಸರು, ಅರವತ್ತು ದಾಟಿದವರು, ಹದಿನೈದರೊಳಗಿನವರು, ಅಂಗವಿಕಲರು, ತೀವ್ರ ಕಾಯಿಲೆಯವರು ಇವರನ್ನೆಲ್ಲ ಅವರಿರುವ ಮನೆಯಲ್ಲೇ ವಿಚಾರಿಸಬೇಕು. ಹೇಳಿಕೆಯನ್ನು ಮೊಬೈಲಿನಲ್ಲಿ ದಾಖಲಿಸಿಕೊಳ್ಳಬಹುದು.

ಎಲ್ಲವೂ ಮೊಬೈಲಿನಲ್ಲೇ ಆಗುತ್ತದೆ ಎಂಬ ನಂಬಿಕೆಯನ್ನೇ ವಂಚಕರು ಬಂಡವಾಳ ಮಾಡಿಕೊಂಡಿದ್ದಾರೆ. ವಿಚಾರಣೆಗೆ ಹಾಜರಾಗಿ ಎಂದು ಪೊಲೀಸರು ಸುರಕ್ಷಾ ಸಂಹಿತೆಯ 35ನೇ ಕಲಮಿನಡಿ ಕೊಡುವ ನೋಟಿಸನ್ನು ವಾಟ್ಸ್‌ಆ್ಯಪಿನಲ್ಲಿ ಕಳುಹಿಸಬಾರದು ಎಂದು ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲಿ ಸ್ಪಷ್ಟವಾಗಿ ಹೇಳಿದೆ. ಡಿಜಿಟಲ್ ಅರೆಸ್ಟ್ ಎಂಬುದು ಯಾವ ಕಾನೂನಿನಲ್ಲೂ ಇಲ್ಲ. ವಿಡಿಯೊ ಕರೆಯಲ್ಲಿ ಖಾಕಿ ಕಂಡು ಹಣ ಕಳುಹಿಸಿಬಿಟ್ಟಿದ್ದರೆ ಆ ಕ್ಷಣವೇ 1930ಕ್ಕೆ ಕರೆ ಮಾಡಿ. ತುರ್ತಿಗೆ 112, ಉಚಿತ ಕಾನೂನು ನೆರವಿಗೆ 15100.

ದೂರು ಕೊಟ್ಟಾಯಿತು, ಮುಂದೇನಾಯಿತು ಎಂದು ತಿಳಿಯುವುದೂ ಹಕ್ಕು. ಅದೇ ಸಂಹಿತೆಯ 193ನೇ ಕಲಮಿನ ಪ್ರಕಾರ ತನಿಖೆ ಎಲ್ಲಿಗೆ ಬಂತೆಂದು ತೊಂಬತ್ತು ದಿನದೊಳಗೆ ಪೊಲೀಸರೇ ದೂರುದಾರರಿಗೆ ತಿಳಿಸಬೇಕು, ಮೊಬೈಲ್ ಸಂದೇಶದಲ್ಲಾದರೂ ಸರಿ. ಹಾಗಾಗಿ ದೂರಿನಲ್ಲಿ ಮಗನದ್ದೋ ಅಳಿಯನದ್ದೋ ಬೇಡ, ಸದಾ ಚಾಲ್ತಿಯಲ್ಲಿರುವ ನಿಮ್ಮದೇ ನಂಬರ್ ಕೊಡಿ. ಎಫ್‌ಐಆರ್ ನಂಬರನ್ನೂ ತೊಂಬತ್ತನೆಯ ದಿನವನ್ನೂ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಆ ದಿನ ಸಂಜೆಯವರೆಗೂ ಸಂದೇಶ ಬರಲಿಲ್ಲವೆಂದರೆ ಮಾರನೇ ಬೆಳಗ್ಗೆ ಎಫ್‌ಐಆರ್ ಪ್ರತಿ ಲಗತ್ತಿಸಿ ಠಾಣಾಧಿಕಾರಿಗೆ ಒಂದು ಅರ್ಜಿ ಬರೆಯಿರಿ, ನಕಲನ್ನು ಎಸ್‌ಪಿ ಕಚೇರಿಗೆ ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿ.